ಎಂಬತ್ತೇಳನೇ ನಂಬರಿನ ಹಾಲು

ಹಸುವಿಗೆ ಕಾಯಿಲೆ ಬಂದದ್ದು ಹಸುವಿಗಿಂತ ಮೊದಲು ಅದರ ಹಾಲಿಗೆ ಗೊತ್ತಾಗುತ್ತದೆ ಎಂದು ರುಖಿಯಾ ಮೇಡಂ ಹೇಳಿದಾಗ, ಡೈರಿ ಮುಂದೆ ಕ್ಯಾನು ಹಿಡಿದು ನಿಂತಿದ್ದ ಹೆಂಗಸರೆಲ್ಲ ನಕ್ಕುಬಿಟ್ಟರು.

"ಹಾಲಿಗೆ ನೀರು ಬಿದ್ದಿದ್ದೇ ನಮಗೆ ಗೊತ್ತಾಗಲ್ಲ, ಇನ್ನು ಕಾಯ್ಲೆ ಬಿದ್ದಿದ್ದು ಹಾಲಿಗೆ ಹೆಂಗೆ ಗೊತ್ತಾದೀತು ಮೇಡಂ?" ಎಂದಳು ಸಿದ್ಧಗಂಗಮ್ಮ. ಸಾಲು ಇನ್ನಷ್ಟು ನಕ್ಕಿತು. ನೀರು ಹೇಗೆ ಬೀಳುತ್ತದೆ ಎಂಬುದು ಸಾಲಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ನಾನು ನಗಲಿಲ್ಲ. ನಾನು ಡೈರಿಯ ಟೆಸ್ಟರು. ಹಾಲಿನಲ್ಲಿ ಅಳತೆಯ ಕೊಳವೆ ಮುಳುಗಿಸಿ ಅಂಕಿ ನೋಡಿ ಬರೆಯುವವಳು ನಕ್ಕರೆ ಅದಕ್ಕೆ ನೂರು ಅರ್ಥ ಬರುತ್ತದೆ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಹೈಸ್ಕೂಲಿಗೆ ಹೋಗುವ ಬಸ್ಸು ನಿಂತುಹೋಯಿತು, ನಾನೂ ನಿಂತೆ. ಆಮೇಲಿನಿಂದ ಈ ಕೌಂಟರಿನ ಹಿಂದೆಯೇ ನನ್ನ ಜಾಗ. ಮಾತು ಕಡಿಮೆ, ನೋಡುವುದು ಜಾಸ್ತಿ.

ಆ ವರ್ಷ ಪಕ್ಕದ ಹೋಬಳಿಗೆ ಒಳಬೇನೆ ಬಂದಿತ್ತು. ಹೊಸ ಕಾಯಿಲೆ. ತಗುಲಿದ ಹಸು ಐದು ದಿನ ಮೇವು ತಿನ್ನುತ್ತದೆ, ಮೆಲುಕು ಹಾಕುತ್ತದೆ, ಹಾಲನ್ನೂ ಕೊಡುತ್ತದೆ. ಆರನೇ ದಿನ ಮೂಗು ಸೋರಿ ಬೀಳುತ್ತದೆ. ಮೊದಲ ಮೂರು ದಿನದೊಳಗೆ ಸೂಜಿ ಹಾಕಿದರೆ ಬದುಕುತ್ತದೆ, ಆಮೇಲೆ ಇಲ್ಲ. ಸುಮ್ಮನೆ ಎಲ್ಲಕ್ಕೂ ಹಾಕಿಬಿಡೋಣ ಎಂದರೆ, ಕಾಯಿಲೆ ಇಲ್ಲದ ಹಸುವಿಗೆ ಆ ಸೂಜಿ ಬಿದ್ದರೆ ಹಾಲೇ ಬತ್ತಿಹೋಗುತ್ತದೆ. ಒಂದು ಹಸು ಬಿದ್ದ ಊರಿನ ದನವನ್ನೆಲ್ಲ ಲಾರಿಗೆ ಹತ್ತಿಸಿಕೊಂಡು ಹೋಗುತ್ತಿದ್ದರು. ಆಚೆಯ ಎರಡು ಊರುಗಳ ಕೊಟ್ಟಿಗೆಗಳಲ್ಲಿ ಗೂಟಗಳು ಮಾತ್ರ ಉಳಿದಿದ್ದವು.

ಅದಕ್ಕಾಗಿ, ಪಟ್ಟಣದಿಂದ ಸಂಶೋಧನೆಗೆ ಬಂದಿದ್ದ ರುಖಿಯಾ ಮೇಡಂ ಒಂದು ಯಂತ್ರ ತಂದಿದ್ದರು. ರಾಗಿ ಅಳೆಯುವ ಸೇರಿನಷ್ಟು ಗಾತ್ರ. ಒಂದು ಹನಿ ಹಾಲು ಬಿಟ್ಟರೆ ಅದರ ಆವಿಯನ್ನು ಸಾವಿರದ ಇನ್ನೂರು ಬಗೆಯ ವಾಸನೆಗಳಾಗಿ ಬಿಡಿಸುತ್ತದೆ. ಊರವರು ಅದಕ್ಕೆ 'ಮೂಗು' ಎಂದೇ ಹೆಸರಿಟ್ಟರು. ಆ ವಾಸನೆಗಳನ್ನು ಬೇರೆ ಬೇರೆ ಕಡೆಯ ಲಕ್ಷಾಂತರ ಹಸುಗಳ ವಾಸನೆಯ ಜೊತೆ ಹೋಲಿಸುವುದು ಸರ್ವರ್ ಎಂಬ ದೊಡ್ಡ ಕಂಪ್ಯೂಟರಿನ ಕೆಲಸ. ನಮ್ಮೂರಲ್ಲಿ ನೆಟ್‌ವರ್ಕ್ ಸಿಗುವುದು ಅರಳಿಕಟ್ಟೆಯ ಮೇಲೆ ನಿಂತರೆ ಮಾತ್ರ. ಹಾಗಾಗಿ ಸರ್ವರನ್ನೇ ತಂದು ಡೈರಿಯ ಹಿಂಡಿ ಗೋದಾಮಿನಲ್ಲಿ ಬೂಸಾ ಮೂಟೆಗಳ ನಡುವೆ ಇಟ್ಟರು. ಕೌಂಟರಿನಲ್ಲಿ ನನ್ನೆದುರಿಗೆ ಒಂದು ಪರದೆ. ಹಾಲು ಹಾಕುವವರ ನಂಬರು ಒತ್ತಿದರೆ ಒಂದು ಪುಟ ತೆರೆದು, ಹಸಿರು ಅಥವಾ ಕೆಂಪು ತೋರಿಸಬೇಕು. ಒಂದು ತಿಂಗಳ ಪ್ರಯೋಗ. ಸರಿಹೋದರೆ ಇಡೀ ತಾಲ್ಲೂಕಿಗೆ.

ಮೊದಲ ದಿನವೇ ಸಾಲು ನಿಂತುಬಿಟ್ಟಿತು.

ಒಂದನೇ ನಂಬರು ಒತ್ತಿದೆ. ಪುಟ ಬಿಳಿಯಾಗಿ ಸುಮ್ಮನಾಯಿತು. ನಾಲ್ಕು ನಿಮಿಷದ ಮೇಲೆ ಹಸಿರು ಬಂತು. ಎರಡನೆಯದಕ್ಕೆ ಮತ್ತೆ ನಾಲ್ಕು ನಿಮಿಷ. ಎಂಬತ್ತಾರು ಜನ, ಆರು ಗಂಟೆಗೆ ಶುರು, ಎಂಟೂವರೆಗೆ ಹಾಲಿನ ಲಾರಿ. ಐದನೆಯವರಿಗೆ ಬರುವಾಗ ನಾನು ಅವಸರಕ್ಕೆ ಎರಡೆರಡು ಸಲ ಒತ್ತತೊಡಗಿದೆ. ಪುಟ ಇನ್ನೂ ನಿಧಾನವಾಯಿತು.

"ಏನಮ್ಮಿ ರಂಗಿ, ಮೂಗಿಗೆ ನೆಗಡಿ ಆಗೈತಾ?" ಎಂದಳು ದ್ಯಾವಮ್ಮ.

"ಬೇಗ ಮುಗಿಸವ್ವ, ಹಾಲು ಇಲ್ಲೇ ಹೆಪ್ಪಾಗ್ತೈತೆ. ನಾಳೆಯಿಂದ ಮಜ್ಜಿಗೆ ಕಡೆಯೋ ಕೋಲು ತಗೊಂಡೇ ಬತ್ತೀವಿ," ಎಂದಳು ಸಿದ್ಧಗಂಗಮ್ಮ.

ಸೆಕ್ರೆಟರಿ ಚಿಕ್ಕಣ್ಣ ಏಳು ಗಂಟೆಗೆ ಮೂಗನ್ನು ಎತ್ತಿ ಪಕ್ಕಕ್ಕಿಟ್ಟು ಹಾಲು ಸುರಿಸಿಕೊಂಡರು. "ಮೇಡಂ, ಸಾಲು ನಿಲ್ಲಿಸೋ ಯಂತ್ರ ನಮಗೆ ಬೇಡ," ಎಂದರು.

ಹಾಲು ಹೋದ ಮೇಲೆ ಮೇಡಂ ಗೋದಾಮಿನಲ್ಲಿ ಹಿಂಡಿ ಮೂಟೆಯ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದರು. ನಾನು ಕ್ಯಾನು ತೊಳೆಯುವ ನೆಪದಲ್ಲಿ ಬಾಗಿಲಲ್ಲಿ ನಿಂತೆ.

"ಒಳಗೆ ಬಾ ರಂಗೂ. ನೀನು ಎರಡೆರಡು ಸಲ ಒತ್ತಿದೆಯಲ್ಲ, ಪ್ರತಿಸಲವೂ ಹೊಸದಾಗಿ ಒಂದು ಹೋಲಿಕೆ ಶುರುವಾಗಿದೆ. ಪಾಪ, ಸರ್ವರು ಒಂದೇ ಹಸುವನ್ನ ಎರಡೆರಡು ಸಲ ಮೂಸಿದೆ."

ನನಗೆ ಅಳು ಬರುವ ಹಾಗಾಯಿತು.

"ನಿನ್ನ ತಪ್ಪಲ್ಲ. ನೋಡು, ನೀನು ನಂಬರು ಒತ್ತಿದರೆ, ಕಂಪ್ಯೂಟರಿಗೆ ಆಜ್ಞೆ ಬರೆದಿರೋ ಈ ಸ್ಕ್ರಿಪ್ಟ್ ಏಳುತ್ತೆ. ಹೋಲಿಸೋ ಕೆಲಸ ಮುಗಿಯೋವರೆಗೂ ಅದು ನಿನಗೆ ಪುಟ ಕೊಡಲ್ಲ. ಕೆಲಸವನ್ನ ಹಿಂದಕ್ಕೆ ಬಿಟ್ಟು, ಪುಟವನ್ನ ಮೊದಲೇ ಕಳಿಸಿಬಿಡಬೇಕು." ಸ್ಕ್ರಿಪ್ಟಿನ ಒಂದು ಸಾಲಿನ ಕೊನೆಯಲ್ಲಿ ಒಂದು ಗುರುತು ಸೇರಿಸಿದರು. ಕಾಲು ಮಡಚಿ ಮಲಗಿದ ಕರುವಿನ ಹಾಗಿತ್ತು. "ಇದಿದ್ದರೆ ಕೆಲಸ ಹಿಂದೆ ನಡೆಯುತ್ತೆ, ಮುಂದಿನವರಿಗೆ ದಾರಿ."

ಒತ್ತಿ ನೋಡಿದರು. ಪುಟ ಬಿಳಿಯಾಗಿ ನಿಂತಿತು. ನಾಲ್ಕು ನಿಮಿಷ. ಸಂಜೆಯ ಹಾಲೂ ಹಾಗೇ ಹೋಯಿತು. ಮೇಡಂ ಬರೆದರು, ಅಳಿಸಿದರು, ತಲೆ ಕೆರೆದುಕೊಂಡರು. "ಹಿಂದಕ್ಕೆ ಹೋಗು ಅಂದಿದ್ದೀನಿ, ಹೋಗಿದೆ ಕೂಡ. ಆದ್ರೂ ಪುಟ ಬಿಡ್ತಿಲ್ಲ."

ಮಾರನೇ ದಿನ ನಸುಕಿನಲ್ಲಿ ಅವ್ವ ನಮ್ಮ ಕೆಂದಿಯ ಹಾಲು ಕರೆಯುತ್ತಿದ್ದಳು. ಕೆಂದಿ ನಮಗಿದ್ದ ಒಂದೇ ಹಸು, ಅವ್ವನೇ ಕರುವಿನಿಂದ ಸಾಕಿದ್ದು. ಕೆಂದಿಯ ಕರುವನ್ನು ಗೂಟದಿಂದ ಬಿಚ್ಚಿ, ಅದರ ಹಗ್ಗವನ್ನು ಕೆಂದಿಯ ಮುಂಗಾಲಿಗೆ ಕಟ್ಟಿದ್ದಳು. ಕರೆದದ್ದಾಯಿತು. ಹುಲ್ಲಿನ ಕಡೆ ಹೋಗೆಂದು ಅವ್ವ ಕೆಂದಿಯ ಬೆನ್ನಿಗೊಂದು ಏಟು ಕೊಟ್ಟಳು. ಕೆಂದಿ ಕದಲಲಿಲ್ಲ.

"ಹಗ್ಗ ಬಿಚ್ಚೇ ಇಲ್ಲ ನೋಡು ನಾನು," ಎಂದು ಅವ್ವ ಬಗ್ಗಿದಳು. ಕರು ಆಗಲೇ ಹಿಂದೆ ಹೋಗಿ ಆಡಿಕೊಂಡಿತ್ತು. ಅದರ ಕೊರಳ ಹಗ್ಗದ ಇನ್ನೊಂದು ತುದಿ ಮಾತ್ರ ತಾಯಿಯ ಕಾಲಲ್ಲೇ ಇತ್ತು.

ನಾನು ಗೋದಾಮಿಗೆ ಓಡಿದವಳು ಬಾಗಿಲಿಗೆ ಬಂದ ಮೇಲೆ ಬಾಯಿ ಬರದೆ ನಿಂತೆ. ಮೇಡಂ ತಲೆಯೆತ್ತಿದರು.

"ಮೇಡಂ, ಹಿಂದೆ ಹೋದ ಕೆಲಸದ ಹಗ್ಗ ಏನಾದ್ರೂ ಪುಟದ ಕಾಲಿಗೆ ಉಳ್ಕೊಂಡಿದ್ಯಾ?"

"ಯಾವ ಹಗ್ಗ?"

ಕರುವಿನ ಸಂಗತಿ ಹೇಳಿದೆ. ಹೇಳುತ್ತಾ ಹೇಳುತ್ತಾ ಇದೆಂಥ ಪೆದ್ದು ಮಾತು ಅನ್ನಿಸಿ ದನಿ ಇಳಿಯಿತು. ಮೇಡಂ ಪರದೆಯನ್ನೇ ನೋಡುತ್ತಾ ಕೂತರು. ಆಮೇಲೆ ಹಣೆ ಚಚ್ಚಿಕೊಂಡರು.

"ಕೆಲಸ ಹಿಂದೆ ಹೋಗಿದೆ, ಆದರೆ ತನ್ನ ಉತ್ತರ ಹೇಳಕ್ಕೆ ಪುಟದ ಬಾಯನ್ನೇ ಹಿಡ್ಕೊಂಡು ಕೂತಿದೆ. ಇದು ಇನ್ನೇನೋ ಹೇಳುತ್ತೆ ಅಂತ ಪುಟ ಬಾಯಿ ಮುಚ್ಚದೆ ಕಾಯ್ತಾ ಇದೆ. ಇದಕ್ಕೆ ಬರೆದುಕೊಳ್ಳೋಕೆ ಬೇರೆ ಕಡತ ಕೊಡಬೇಕಿತ್ತು ನಾನು!" ಒಂದೇ ಸಾಲು ತಿದ್ದಿದರು. ನಿನ್ನ ಮಾತನ್ನೆಲ್ಲ ಈ ಕಡತದಲ್ಲಿ ಬರೆದುಕೋ, ಪುಟದ ಸುದ್ದಿಗೆ ಹೋಗಬೇಡ, ಎನ್ನುವ ಸಾಲು. ಒಟ್ಟಿಗೆ ಎಂಬತ್ತಾರು ಹೋಲಿಕೆ ಶುರುವಾದರೆ ಸರ್ವರು ಕುಸಿಯುತ್ತದೆಂದು, ಎರಡೆರಡೇ ನಡೆಯಲಿ, ಉಳಿದವು ಸರದಿಗೆ ಕಾಯಲಿ ಎಂದೂ ಬರೆದರು.

ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಪುಟ ಬಂತು: "ನಿಮ್ಮ ಕೋರಿಕೆಯನ್ನು ಸ್ವೀಕರಿಸಲಾಗಿದೆ."

"ಹಿಂಗಂದ್ರೆ ಯಾರೂ ಮನೆಗೆ ಹೋಗಲ್ಲ ಮೇಡಂ," ಎಂದೆ.

"ಮತ್ತೆ ಹೆಂಗನ್ನಬೇಕು?"

"ಹಾಲು ಸೇರಿತು, ಹೋಗಿ ಬನ್ನಿ."

ಪುಟದಲ್ಲಿ ಈಗಲೂ ಅದೇ ಇದೆ.

ಆದರೂ ಮೊದಲ ಎರಡು ದಿನ ಹೆಂಗಸರು ಹೋಗಲೇ ಇಲ್ಲ. ಹಾಲು ಸುರಿದು, ಕ್ಯಾನು ಬಗ್ಗಿಸಿಕೊಂಡು, ಕೌಂಟರಿನ ಮುಂದೆ ನಿಂತೇ ಇರುತ್ತಿದ್ದರು. ತಾವು ನಿಂತಿದ್ದರೆ ತಾನೇ ಉತ್ತರ ಬರುವುದು? ಬ್ಯಾಂಕಿನಲ್ಲಿ, ತಾಲ್ಲೂಕು ಕಚೇರಿಯಲ್ಲಿ ಕಲಿತದ್ದು ಅದನ್ನೇ. ಉತ್ತರವನ್ನು ಫೋನಿಗೆ ಕಳಿಸೋಣ ಎಂದರು ಮೇಡಂ. ಡೈರಿಯ ಪುಸ್ತಕದಲ್ಲಿದ್ದ ಹೆಸರುಗಳೆಲ್ಲ ಗಂಡಸರವು, ಫೋನೂ ಅವರದೇ. ದ್ಯಾವಮ್ಮನ ಉತ್ತರ ಎಂಟು ವರ್ಷದ ಹಿಂದೆ ತೀರಿಕೊಂಡ ಅವಳ ಮಾವನ ನಂಬರಿಗೆ ಹೋಯಿತು. "ಹಸು ಕ್ಷೇಮ ಅಂತ ಅವರಿಗೆ ತಿಳಿದಿದ್ದು ಒಳ್ಳೇದೇ ಆಯ್ತು," ಎಂದಳು ದ್ಯಾವಮ್ಮ.

"ಮೇಡಂ, ಇವರೆಲ್ಲ ಸಂಜೆ ಹೆಂಗೂ ಮತ್ತೆ ಬತ್ತಾರಲ್ಲ," ಎಂದೆ ನಾನು. ಬೆಳಿಗ್ಗೆಯ ಹಾಲಿನ ಉತ್ತರವನ್ನು ಸಂಜೆಯ ಚೀಟಿಯ ಮೇಲೆ ಅಚ್ಚು ಮಾಡಿದರಾಯಿತು. ಹಸಿರು ಗೆರೆ ಇದ್ದರೆ ಕ್ಷೇಮ. ಕೆಂಪಿದ್ದರೆ ಆ ಚೀಟಿ ತೋರಿಸಿದ ಮನೆಗೆ ಪಶು ಡಾಕ್ಟರು ಬರುತ್ತಾರೆ, ರಕ್ತ ನೋಡಿ ಸೂಜಿ ಹಾಕುತ್ತಾರೆ. ಕಾಯಿಲೆ ಮೂರು ದಿನ ಕಾಯುತ್ತದೆ, ಉತ್ತರಕ್ಕೆ ಒಂದು ಹಗಲು ಸಾಕು.

ಹತ್ತು ದಿನ ಚೆನ್ನಾಗಿ ನಡೆಯಿತು. ಸಾಲು ಎಂದಿಗಿಂತ ಬೇಗ ಕರಗುತ್ತಿತ್ತು.

ಇಲ್ಲಿ ನಮ್ಮ ಮನೆಯ ಒಂದು ಗುಟ್ಟು ಹೇಳಬೇಕು. ಟೆಸ್ಟರಿನ ಮನೆಯವರು ಅದೇ ಡೈರಿಗೆ ಹಾಲು ಹಾಕುವ ಹಾಗಿಲ್ಲ. ಅಂಕಿಯನ್ನು ಹೆಚ್ಚು ಕಡಿಮೆ ಬರೆದುಕೊಂಡಾರು ಎಂದು ಆ ನಿಯಮ. ಹಾಗಾಗಿ ನಾನು ಕೆಲಸಕ್ಕೆ ಸೇರಿದಂದಿನಿಂದ ನಮ್ಮ ಕೆಂದಿಯ ಹಾಲಿಗೆ ನಂಬರಿಲ್ಲ. ಅವ್ವ ಕೆಲಸಕ್ಕೆ ಕೆಲಸ ಎಂಬ ಮುಯ್ಯಿ ಮಾಡಿಕೊಂಡಿದ್ದಳು. ಸಿದ್ಧಗಂಗಮ್ಮ, ದ್ಯಾವಮ್ಮ ಇಬ್ಬರ ಹಸುಗಳನ್ನೂ ಕೆರೆಯಂಗಳದಲ್ಲಿ ಅವ್ವ ಮೇಯಿಸಿಕೊಂಡು ಬರುವುದು. ಅದಕ್ಕೆ ಬದಲಾಗಿ ಒಂದು ದಿನ ಇವಳು, ಒಂದು ದಿನ ಅವಳು ನಮ್ಮ ಹಾಲನ್ನು ತಮ್ಮ ಕ್ಯಾನಿಗೆ ಸುರಿದುಕೊಂಡು ಡೈರಿಗೆ ಹಾಕುವುದು. ಅವರು ಕೌಂಟರಿಗೆ ಬಂದಾಗ ನಾನು ಕ್ಯಾನನ್ನು ನೋಡುತ್ತಿದ್ದೆ, ಅವರು ಗೋಡೆಯನ್ನು ನೋಡುತ್ತಿದ್ದರು.

ಸೋಮವಾರ ಸಂಜೆ ನಲವತ್ತೊಂದನೇ ನಂಬರಿನ ಚೀಟಿಗೆ ಕೆಂಪು ಗೆರೆ ಬಂತು. ಸಿದ್ಧಗಂಗಮ್ಮನ ನಂಬರು. ನಗಿಸುತ್ತಿದ್ದ ಹೆಂಗಸು ಚೀಟಿ ಹಿಡಿದು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮಂಗಳವಾರ ಬೆಳಿಗ್ಗೆ ಡಾಕ್ಟರು ಅವಳ ಹಸುವಿನ ರಕ್ತ ನೋಡಿದರು. ಏನೂ ಇಲ್ಲ. ಇನ್ನೊಮ್ಮೆ ನೋಡಿದರು. ಏನೂ ಇಲ್ಲ. ಮಂಗಳವಾರ ಸಂಜೆ ನಲವತ್ತೊಂದು ಹಸಿರಾಗಿತ್ತು. ಹದಿನೇಳು ಕೆಂಪಾಗಿತ್ತು. ಹದಿನೇಳು ದ್ಯಾವಮ್ಮನದು. ಡಾಕ್ಟರು ಸಂಜೆಯೇ ಬಂದು ಅವಳ ಹಸುವನ್ನೂ ನೋಡಿದರು. ಏನೂ ಇಲ್ಲ.

"ಮನೆಯಿಂದ ಮನೆಗೆ ಹಾರಿ, ಹಿಂದಿನ ಮನೇಲಿ ಗುರುತೇ ಉಳಿಸದ ಕಾಯಿಲೆ ನಾನು ಓದಿಲ್ಲ," ಎಂದರು ಡಾಕ್ಟರು. "ನಿಮ್ಮ ಮೂಗು ತಪ್ಪು ಮೂಸ್ತಾ ಇದೆ ಮೇಡಂ."

"ನಾಳೆ ಹಾಲಾದ ಮೇಲೆ ವ್ಯಾನು ತರಿಸ್ತೀನಿ, ಯಂತ್ರ ಕಟ್ಟಿಬಿಡಿ," ಎಂದರು ಚಿಕ್ಕಣ್ಣ.

ಮೇಡಂ ಗೋದಾಮಿಗೆ ಹೋದರು. ನನಗೆ ಸೋಮವಾರವೇ ಅನುಮಾನ ಹುಟ್ಟಿತ್ತು, ಈಗ ಅದು ಖಾತ್ರಿಯಾಯಿತು. ಸೋಮವಾರ ನಮ್ಮ ಹಾಲು ಹೋದದ್ದು ಸಿದ್ಧಗಂಗಮ್ಮನ ಕ್ಯಾನಿನಲ್ಲಿ. ಮಂಗಳವಾರ ದ್ಯಾವಮ್ಮನ ಕ್ಯಾನಿನಲ್ಲಿ. ಮೂಗು ಸರಿಯಾಗಿಯೇ ಮೂಸಿತ್ತು.

ಮನೆಗೆ ಬಂದಾಗ ಅವ್ವ ದೀಪ ಹಚ್ಚುತ್ತಿದ್ದಳು. ಕೆಂದಿ ಮೆಲುಕು ಹಾಕುತ್ತಾ ಮಲಗಿತ್ತು. ಕರು ಅದರ ಕಿವಿ ನೆಕ್ಕುತ್ತಿತ್ತು.

"ಅವ್ವ, ಕೆಂದಿಗೆ ಒಳಬೇನೆ."

"ಬಿಡ್ತು ಅನ್ನು! ಹೆಂಗೆ ತಿಂತಾ ಐತೆ ನೋಡು."

"ಐದು ದಿನ ಹಂಗೇ ತಿಂತದೆ ಅವ್ವ. ಸೋಮವಾರ ಒಂದು, ಇವತ್ತು ಎರಡು. ನಾಳೆ ಒಂದೇ ದಿನ ಉಳಿದಿರೋದು."

ಅವ್ವ ಹೋಗಿ ಕೆಂದಿಯ ಕೊರಳಡಿಯ ಗಂಗೆದೊಗಲನ್ನು ನೇವರಿಸಿದಳು. ಅದು ಕತ್ತು ಚಾಚಿತು. "ಹೇಳಿದ್ರೆ ನಿನ್ನ ಕೆಲಸ ಹೋಗ್ತೈತೆ," ಎಂದಳು ಕೊನೆಗೆ. "ಅವರಿಬ್ಬರ ನಂಬರೂ ಕಿತ್ತಾಕ್ತಾರೆ. ನಮ್ಮಿಂದ ಅವರು ಹಾಳಾಗಬೇಕಾ?"

"ಹೇಳ್ದಿದ್ರೆ ಕೆಂದಿ ಹೋಗ್ತದೆ. ಆಮೇಲೆ ಊರಿಗೆ ಲಾರಿ ಬತ್ತದೆ."

"ನಾಕು ಜನದ ಮುಂದೆ ಹೇಳಕ್ಕೆ ನಿನಗೆ ಬಾಯಿ ಬತ್ತದಾ?"

ನಾನು ಕರುವನ್ನು ಗೂಟಕ್ಕೆ ಕಟ್ಟಿ ಒಳಗೆ ಹೋದೆ.

ಬುಧವಾರ ಬೆಳಿಗ್ಗೆ ಅವ್ವ ಕರೆದ ಹಾಲಿನಿಂದ ಒಂದು ಲೋಟ ತೆಗೆದುಕೊಂಡು, ಸೆರಗು ಮುಚ್ಚಿಕೊಂಡು ಡೈರಿಗೆ ಹೋದೆ. ವ್ಯಾನು ಆಗಲೇ ಬಂದು ನಿಂತಿತ್ತು. ಚಿಕ್ಕಣ್ಣ, ಡಾಕ್ಟರು ಇಬ್ಬರೂ ಕೌಂಟರಿನ ಪಕ್ಕ ಕಾಫಿ ಕುಡಿಯುತ್ತಿದ್ದರು. ಸಾಲು ಅರಳಿಕಟ್ಟೆಯವರೆಗೆ ಇತ್ತು. ಮುಂದೆಯೇ ಸಿದ್ಧಗಂಗಮ್ಮ.

ಲೋಟವನ್ನು ಕೌಂಟರಿನ ಮೇಲಿಟ್ಟೆ. ಒಂದು ಹನಿ ತೆಗೆದು ಮೂಗಿಗೆ ಬಿಟ್ಟೆ. ನಮ್ಮ ಡೈರಿಯಲ್ಲಿ ಎಂಬತ್ತಾರಕ್ಕೆ ನಂಬರು ಮುಗಿಯುತ್ತದೆ. ನಾನು ಎಂಬತ್ತೇಳು ಎಂದು ಒತ್ತಿದೆ. ಸದಸ್ಯರು ಯಾರು, ಯಾರಲ್ಲ ಎಂಬುದು ಮೂಗಿಗೆ ಗೊತ್ತಿಲ್ಲ. ಪುಟ ತಕ್ಷಣ ಬಂತು: ಹಾಲು ಸೇರಿತು, ಹೋಗಿ ಬನ್ನಿ.

"ಯಾರದಮ್ಮ ಅದು?" ಎಂದರು ಚಿಕ್ಕಣ್ಣ.

"ನಮ್ಮ ಕೆಂದಿದು."

ಎರಡೇ ಮಾತು. ಆದರೂ ಸಾಲಿನ ಕೊನೆಯವರೆಗೂ ಕೇಳಿತು ಅನ್ನಿಸಿತು, ಏಕೆಂದರೆ ಹಿಂದಿದ್ದವರೂ ಕತ್ತು ಚಾಚಿ ನೋಡಿದರು.

"ಟೆಸ್ಟರಿನ ಮನೆ ಹಾಲು ಇಲ್ಲಿ..." ಚಿಕ್ಕಣ್ಣ ಕಾಫಿ ಲೋಟ ಕೆಳಗಿಟ್ಟರು.

"ದಿನಾ ಬತ್ತಿತ್ತು ಅಣ್ಣ. ಸೋಮವಾರ ನಲವತ್ತೊಂದರಲ್ಲಿ, ನಿನ್ನೆ ಹದಿನೇಳರಲ್ಲಿ. ಮೂಗು ತಪ್ಪಿಲ್ಲ. ತಪ್ಪು ನಮ್ಮದು."

ಗೋದಾಮಿನ ಬಾಗಿಲಲ್ಲಿ ಮೇಡಂ ಬಂದು ನಿಂತರು. ಉತ್ತರಕ್ಕೆ ನಾಲ್ಕು ನಿಮಿಷ. ಮೊದಲಾಗಿದ್ದರೆ ಎಲ್ಲರೂ ಆ ಬಿಳಿ ಪುಟವನ್ನು ನೋಡುತ್ತಾ ನಿಲ್ಲಬೇಕಿತ್ತು. ಈಗ ಪುಟ ಮುಂದಿನ ನಂಬರಿಗೆ ತೆರೆದಿತ್ತು, ಸಾಲು ಎದುರಿಗಿತ್ತು. ನನಗೆ ಬೇರೇನು ಮಾಡಲೂ ತೋಚಲಿಲ್ಲ.

"ಮುಂದಿನವರು ಬನ್ನಿ," ಎಂದೆ.

ಸಿದ್ಧಗಂಗಮ್ಮ ಬಂದಳು. ಕೊಳವೆ ಮುಳುಗಿಸಿದೆ, ಅಂಕಿ ಬರೆದೆ, ನಲವತ್ತೊಂದು ಒತ್ತಿದೆ. ಅವಳು ಗೋಡೆ ನೋಡಲಿಲ್ಲ, ನನ್ನ ಮುಖ ನೋಡಿದಳು. "ನಾನೇ ಸುರ್ಕೊಂಡಿದ್ದು ಚಿಕ್ಕಣ್ಣ," ಎಂದಳು ಜೋರಾಗಿ. "ಆ ಹುಡುಗಿಯನ್ನ ಏನೂ ಅನ್ನಬೇಡ. ಕಿತ್ತಾಕೋದಾದ್ರೆ ನನ್ನ ನಂಬರು ಕಿತ್ತಾಕು."

ಮುಂದಿನವಳು. ಅದರ ಮುಂದಿನವಳು. ನನ್ನ ಕೈ ಎಂದಿನ ಹಾಗೆ ನಡೆಯುತ್ತಿತ್ತು. ಎದೆ ಮಾತ್ರ ಗೋದಾಮಿನಲ್ಲಿತ್ತು, ಆ ಬೂಸಾ ಮೂಟೆಗಳ ನಡುವೆ, ಕಡತದೊಳಗೆ ಏನೋ ಬರೆದುಕೊಳ್ಳುತ್ತಿದ್ದ ಆ ಕೆಲಸದ ಪಕ್ಕದಲ್ಲಿ. ಏಳನೆಯವಳ ಕ್ಯಾನಿಗೆ ಕೊಳವೆ ಹಾಕಿದ್ದೆ. ಮೇಡಂ ಬಾಗಿಲಿನಿಂದಲೇ ಹೇಳಿದರು.

"ಎಂಬತ್ತೇಳು, ಕೆಂಪು."

ಡಾಕ್ಟರು ಚೀಲ ಎತ್ತಿಕೊಂಡರು. "ಎಲ್ಲಮ್ಮ ನಿಮ್ಮ ಮನೆ?"

ನಾನು ಬಾಯಿ ತೆರೆಯುವ ಮೊದಲೇ ದ್ಯಾವಮ್ಮ ಸಾಲು ಬಿಟ್ಟು ಅವರ ಮುಂದೆ ಓಡತೊಡಗಿದ್ದಳು. ಕ್ಯಾನು ಕೈಯಲ್ಲೇ ಇತ್ತು, ಹಾಲು ದಾರಿಯುದ್ದಕ್ಕೂ ತುಳುಕಿತು.

ರಕ್ತದಲ್ಲಿ ಕಾಯಿಲೆ ಇತ್ತು. ಮೂರನೇ ದಿನದ ಬೆಳಿಗ್ಗೆ ಏಳು ಗಂಟೆಗೆ ಕೆಂದಿಗೆ ಸೂಜಿ ಬಿತ್ತು.

ಹಾಲಿನ ಲಾರಿ ಹೋದ ಮೇಲೆ ಚಿಕ್ಕಣ್ಣ ಪುಸ್ತಕ ಬಿಡಿಸಿಕೊಂಡು ಕೂತರು. ಹೆಂಗಸರು ಯಾರೂ ಮನೆಗೆ ಹೋಗಿರಲಿಲ್ಲ. "ನಿಯಮ ಅಂದ್ರೆ ನಿಯಮ. ಬೇರೆಯವರ ಹಾಲು ಹಾಕೋದು ತಪ್ಪು. ಇನ್ಯಾರ್ಯಾರು ಹಂಗೆ ಮಾಡಿದ್ದೀರೋ ಈಗಲೇ ಹೇಳಿಬಿಡಿ," ಎಂದರು ಗದರಿಸಿ.

ಹಿಂದಿನಿಂದ ಒಂದು ದನಿ ಬಂತು: "ನಂದರಲ್ಲಿ ನಮ್ಮ ನಾದಿನೀದೂ ಐತೆ." "ನಂದರಲ್ಲಿ ಪಕ್ಕದ ಮನೆಯೋರದು." "ನಮ್ಮತ್ತೆ ಬೇರೆ ಆದ್ಮೇಲೆ ಅವರಿಗೆಲ್ಲಿ ನಂಬರು ಕೊಟ್ಟಿದ್ದೀರಿ ನೀವು?" ಒಬ್ಬೊಬ್ಬಳೂ ಹೇಳುತ್ತಾ ಹೋದಂತೆ ಮಿಕ್ಕವರಿಗೆ ನಗು ತಡೆಯಲಾಗಲಿಲ್ಲ. ಚಿಕ್ಕಣ್ಣ ಬರೆದುಕೊಳ್ಳುತ್ತಾ ಬರೆದುಕೊಳ್ಳುತ್ತಾ ಪೆನ್ನು ಕೆಳಗಿಟ್ಟರು. ಅಷ್ಟರಲ್ಲಿ ನಂಬರಿಲ್ಲದ ಹಸುಗಳು ಇಪ್ಪತ್ತೊಂದಾಗಿದ್ದವು.

"ನಿಮ್ಮ ಮನೇದೂ ಸೇರಿಸ್ಕೊಳ್ಳಿ ಸೆಕ್ರೆಟ್ರಿ ಸಾಹೇಬ್ರೇ," ಎಂದಳು ಸಿದ್ಧಗಂಗಮ್ಮ. "ನಿಮ್ಮ ತಂಗಿ ಹಾಲು ಯಾರ ಕ್ಯಾನಲ್ಲಿ ಬತ್ತೈತೆ ಅಂತ ನಮಗೆ ಗೊತ್ತಿಲ್ವಾ?"

ಚಿಕ್ಕಣ್ಣನ ಮುಖ ನೋಡುವ ಹಾಗಿತ್ತು.

"ಇಷ್ಟು ದಿನ ನನ್ನ ಮೂಗು ಈ ಇಪ್ಪತ್ತೆರಡನ್ನೂ ಬಿಡಿಬಿಡಿಯಾಗಿ ಕಂಡೇ ಇಲ್ಲ," ಎಂದರು ಮೇಡಂ ಮೆಲ್ಲಗೆ. "ಎಲ್ಲರಿಗೂ ನಂಬರು ಕೊಡಿ ಸಾರ್. ಇಲ್ಲಾಂದ್ರೆ ಇದನ್ನ ವ್ಯಾನಿಗೆ ಹಾಕೋದೇ ಮೇಲು."

ಅದಕ್ಕೆ ಎರಡು ಸಭೆ, ಒಂದು ಜಗಳ, ಎಂಟು ದಿನ ಬೇಕಾಯಿತು. ಎಂಬತ್ತೇಳರಿಂದ ನೂರಾ ಎಂಟರವರೆಗೆ ಹೊಸ ನಂಬರು ಬಂತು, ಪ್ರತಿಯೊಂದೂ ಹಾಲು ಕರೆಯುವವಳ ಹೆಸರಿನಲ್ಲೇ. ನಾನು ಟೆಸ್ಟರ್ ಕೆಲಸ ಬಿಟ್ಟೆ. ಹಾಲು ಹಾಕುವ ಮನೆಯವಳು ಅಲ್ಲಿ ಕೂರುವ ಹಾಗಿಲ್ಲ, ಆ ನಿಯಮ ಸರಿಯಾದದ್ದೇ. ಮೇಡಂ ನನ್ನನ್ನು ಗೋದಾಮಿಗೆ ಕರೆದುಕೊಂಡರು. ಸರ್ವರಿನಲ್ಲಿ ಯಾವ ಕೆಲಸ ನಡೆಯುತ್ತಿದೆ, ಯಾವುದು ನಿಂತಿದೆ, ಯಾವುದಕ್ಕೆ ಹಗ್ಗ ಸಿಕ್ಕಿಕೊಂಡಿದೆ ಎಂದು ನೋಡುವವಳು ಈಗ ನಾನು. ನೋಡುವ ಕೆಲಸ ನನಗೆ ಒಗ್ಗುತ್ತದೆ. ಬಾಕಿ ಉಳಿದ ಓದನ್ನೂ ಮೇಡಂ ಅಲ್ಲೇ ಮೂಟೆಯ ಮೇಲೆ ಕೂರಿಸಿ ಶುರು ಮಾಡಿಸಿದ್ದಾರೆ.

ಹೊಸ ನಂಬರುಗಳ ಮೊದಲ ಬೆಳಿಗ್ಗೆ ಗೋದಾಮಿನ ಕಿಟಕಿಯಿಂದ ಸಾಲನ್ನು ನೋಡುತ್ತಿದ್ದೆ. ಅವ್ವ ಸ್ವಂತ ಕ್ಯಾನು ಹಿಡಿದು ಬಂದಿದ್ದಳು. ಹಬ್ಬದ ಸೀರೆ ಉಟ್ಟಿದ್ದಳು. ಅವಳ ಹೆಸರು ಹೊನ್ನಮ್ಮ ಎಂದು ಹೊಸ ಟೆಸ್ಟರು ಓದಿದಾಗ, ಯಾರನ್ನೋ ಕರೆದರು ಎಂಬಂತೆ ಹಿಂದೆ ತಿರುಗಿ ನೋಡಿದಳು. ಹಾಲು ಸುರಿದಳು. ಪುಟ ಬಂತು. ನನ್ನ ಪರದೆಯ ಮೇಲೆ ಎಂಬತ್ತೇಳರ ಸಾಲು ಕದಲತೊಡಗಿತು.

ಅವ್ವ ಮಾತ್ರ ಕದಲಲಿಲ್ಲ. ಕ್ಯಾನನ್ನು ಎದೆಗವಚಿಕೊಂಡು ಕೌಂಟರಿನ ಮುಂದೆ ನಿಂತೇ ಇದ್ದಳು.

"ಯಾಕೆ ಹೊನ್ನಮ್ಮ, ಬೇರು ಬಿಟ್ಟಾ?" ಎಂದಳು ಹಿಂದಿದ್ದ ಸಿದ್ಧಗಂಗಮ್ಮ.

"ಕೆಂದಿ ಹೆಂಗೈತೆ ಅಂತ ಇನ್ನೂ ಹೇಳಿಲ್ವಲ್ಲೇ."

"ಸಂಜೆ ಹೇಳ್ತದೆ ನಡಿಯವ್ವ. ನೀನು ಇಲ್ಲಿ ನಿಂತಿದ್ರೆ ನನ್ನ ಹಾಲು ಒಡೀತೈತೆ ಅಷ್ಟೆ. ನಿನ್ನ ಕೆಲಸ ಹಿಂದೆ ನಡೀತೈತೆ, ಅದನ್ನ ನೋಡ್ಕೊಳ್ಳಕ್ಕೆ ನಿನ್ನ ಮಗಳಿಲ್ವಾ?"

ಅವ್ವ ಗೋದಾಮಿನ ಕಿಟಕಿಯ ಕಡೆ ತಿರುಗಿದಳು. ನಾನು ಕೈ ಎತ್ತಿದೆ. ಅವಳು ಸಾಲು ಬಿಟ್ಟು, ಖಾಲಿ ಕ್ಯಾನು ಬೀಸಿಕೊಂಡು, ಕೆಂದಿಯನ್ನು ಮೇಯಿಸಲು ಹೊರಟಳು.